ಅರೆವಾಹಕ ಲೇಸರಿನಿಂದ ಬೆಳಕಿನ ಜಾಲದವರೆಗೆ: ಗುರುರಾಜ ದೇಶಪಾಂಡೆಯವರ ವೃತ್ತಿಜೀವನದ ವೈಜ್ಞಾನಿಕ ಹಿನ್ನೆಲೆ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ಹೆಸರು ಬಂದೊಡನೆ ಹಿಂದೂಸ್ತಾನಿ ಸಂಗೀತದ ದಿಗ್ಗಜರೂ ಕನ್ನಡದ ವರಕವಿಯೂ ನೆನಪಾಗುವುದು ಸಹಜ. ಭೌತವಿಜ್ಞಾನ ಹಾಗೂ ಎಂಜಿನಿಯರಿಂಗ್ ಕ್ಷೇತ್ರಗಳಿಗೂ ಈ ಪ್ರದೇಶಕ್ಕೂ ಇರುವ ನಂಟನ್ನು ಕುರಿತು ಕನ್ನಡದಲ್ಲಿ ಬರೆದದ್ದು ಕಡಿಮೆ. ಬರೆದದ್ದರಲ್ಲಿಯೂ ವ್ಯಕ್ತಿಯ ಯಶಸ್ಸು, ಸಂಪತ್ತು, ದಾನಗಳ ವಿವರವೇ ಅಧಿಕ. ಆ ಯಶಸ್ಸಿಗೆ ಆಧಾರವಾಗಿ ನಿಂತ ವಿಜ್ಞಾನದ ವಿವರ ವಿರಳ. ಹುಬ್ಬಳ್ಳಿ ಮೂಲದ ಗುರುರಾಜ ದೇಶಪಾಂಡೆಯವರು ಇದಕ್ಕೆ ಒಳ್ಳೆಯ ನಿದರ್ಶನ. ಅವರು ಸಹಸ್ಥಾಪಕರಾಗಿದ್ದ ಸೈಕಮೋರ್ ನೆಟ್‌ವರ್ಕ್ಸ್ ಸಂಸ್ಥೆಯ ಷೇರು 1999ರ ಅಕ್ಟೋಬರಿನಲ್ಲಿ 38 ಡಾಲರಿನ ಬೆಲೆಗೆ ಅಮೆರಿಕದ ಮಾರುಕಟ್ಟೆಗೆ ಬಂದು ಮೊದಲ ದಿನವೇ ಅದರ ಹಲವು ಪಟ್ಟು ಏರಿದ ಸಂಗತಿ ಅನೇಕರಿಗೆ ತಿಳಿದಿದೆ. ಆದರೆ ಆ ಸಂಸ್ಥೆ ಏನನ್ನು ತಯಾರಿಸುತ್ತಿತ್ತು, ಅದು 1980ರಲ್ಲಿ ಅಲ್ಲದೆ 1998ರಲ್ಲಿಯೇ ಏಕೆ ಸಾಧ್ಯವಾಯಿತು, ಅಷ್ಟು ಎತ್ತರಕ್ಕೆ ಏರಿದ್ದು ಕೆಲವೇ ವರ್ಷಗಳಲ್ಲಿ ಏಕೆ ಇಳಿಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿದವರು ಕಡಿಮೆ. ಉತ್ತರ ಬೇಕಾದರೆ ಷೇರುಪೇಟೆಯನ್ನು ಬಿಟ್ಟು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಹರಳಿನ ತುಣುಕಿನಿಂದ ಆರಂಭಿಸಬೇಕಾಗುತ್ತದೆ.

ಒಂದು ಸ್ಪಷ್ಟೀಕರಣ ಇಲ್ಲಿಯೇ ಅಗತ್ಯ. ದೇಶಪಾಂಡೆಯವರು ಅರೆವಾಹಕ ಲೇಸರನ್ನಾಗಲಿ ಬೆಳಕಿನ ಎಳೆಯನ್ನಾಗಲಿ ಕಂಡುಹಿಡಿದವರಲ್ಲ. ಅಭಿಮಾನದ ಭರದಲ್ಲಿ ಹಾಗೆ ಬರೆಯುವುದರಿಂದ ಅವರ ನಿಜವಾದ ಕೊಡುಗೆ ಮಸುಕಾಗುತ್ತದೆ. ಅವರು ನಿಂತದ್ದು ನಾಲ್ಕು ದಶಕಗಳ ಸಂಶೋಧನಾ ಸರಪಳಿಯ ಕೊನೆಯ ಕೊಂಡಿಯ ಬಳಿ. ಆ ಕೊಂಡಿಯನ್ನು ಅರಿಯಲು ಅದರ ಹಿಂದಿನವನ್ನು ಅರಿಯಬೇಕು.

ಹರಳಿನಲ್ಲಿ ಹುಟ್ಟುವ ಬೆಳಕು

ಒಂಟಿ ಪರಮಾಣುವಿನಲ್ಲಿ ಇಲೆಕ್ಟ್ರಾನುಗಳಿಗೆ ನಿಶ್ಚಿತವಾದ ಶಕ್ತಿಮಟ್ಟಗಳಿವೆ. ಕೋಟ್ಯಂತರ ಪರಮಾಣುಗಳು ಹರಳಾಗಿ ಒಂದುಗೂಡಿದಾಗ ಆ ಮಟ್ಟಗಳು ಹರಡಿಕೊಂಡು ಪಟ್ಟಿಗಳಾಗುತ್ತವೆ. ಕೆಳಗಿನ ಪಟ್ಟಿ ಬಹುಮಟ್ಟಿಗೆ ತುಂಬಿರುತ್ತದೆ, ಮೇಲಿನದು ಬಹುಮಟ್ಟಿಗೆ ಖಾಲಿ. ನಡುವೆ ಇಲೆಕ್ಟ್ರಾನು ನಿಲ್ಲಲಾಗದ ಒಂದು ಅಂತರ. ಮೇಲಿನ ಪಟ್ಟಿಯ ಇಲೆಕ್ಟ್ರಾನು ಕೆಳಗಿನ ಪಟ್ಟಿಯ ತೆರವಾದ ಸ್ಥಾನಕ್ಕೆ, ಅಂದರೆ ರಂಧ್ರಕ್ಕೆ, ಬಿದ್ದಾಗ ಆ ಅಂತರದಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಸಿಲಿಕಾನಿನಲ್ಲಿ ಇಲೆಕ್ಟ್ರಾನು ಮತ್ತು ರಂಧ್ರಗಳ ಸಂವೇಗ ಹೊಂದದ ಕಾರಣ ಈ ಶಕ್ತಿ ಹೆಚ್ಚಾಗಿ ಶಾಖವಾಗಿ ವ್ಯರ್ಥವಾಗುತ್ತದೆ. ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ಬೆಳಕಾಗಿ ಹೊಮ್ಮುತ್ತದೆ. ಗಣಕಯಂತ್ರದ ಮಿದುಳು ಸಿಲಿಕಾನಿನದಾದರೂ ಸಂವಹನದ ದೀಪ ಬೇರೆ ಹರಳಿನದಾಗಿರುವುದಕ್ಕೆ ಇದೇ ಕಾರಣ.

ಹೀಗೆ ಹೊಮ್ಮುವ ಬೆಳಕೆಲ್ಲ ಲೇಸರ್ ಅಲ್ಲ. ಪ್ರತಿಯೊಂದು ಇಲೆಕ್ಟ್ರಾನೂ ತನ್ನಷ್ಟಕ್ಕೆ ಬಿದ್ದು ಬೆಳಗಿದರೆ ಅದು ನಾವು ಸೂಚಕ ದೀಪಗಳಲ್ಲಿ ಕಾಣುವ ಡಯೋಡ್ ಬೆಳಕು. ಐನ್‌ಸ್ಟೈನ್ 1917ರಲ್ಲಿ ತೋರಿಸಿದಂತೆ, ಹಾದುಹೋಗುವ ಒಂದು ಫೋಟಾನು ಮೇಲ್ಮಟ್ಟದಲ್ಲಿರುವ ಇಲೆಕ್ಟ್ರಾನನ್ನು ಪ್ರಚೋದಿಸಿ ತನ್ನಂಥದೇ ಇನ್ನೊಂದು ಫೋಟಾನನ್ನು ಹೊರಡಿಸಬಲ್ಲದು. ಎರಡೂ ಒಂದೇ ಬಣ್ಣದವು, ಒಂದೇ ದಿಕ್ಕಿನವು, ಹೆಜ್ಜೆ ಕೂಡಿಸಿ ನಡೆಯುವಂಥವು. ಮೇಲಿನ ಪಟ್ಟಿಯಲ್ಲಿ ಸಾಕಷ್ಟು ಇಲೆಕ್ಟ್ರಾನುಗಳನ್ನು ಸದಾ ತುಂಬುತ್ತಿದ್ದರೆ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳಕು ವರ್ಧಿಸುತ್ತದೆ. ಅದನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಲು ಎರಡು ಕನ್ನಡಿಗಳು ಬೇಕು. ಅರೆವಾಹಕ ಲೇಸರಿನ ಸೊಬಗಿರುವುದು ಇಲ್ಲಿಯೇ: ಹರಳನ್ನು ಅದರ ಸಹಜ ತಲದಲ್ಲಿ ಸೀಳಿದರೆ ಆ ನುಣುಪಾದ ಅಂಚೇ ಕನ್ನಡಿ. ಅದು ಪ್ರತಿಫಲಿಸುವುದು ಶೇಕಡ 30ರಷ್ಟು ಬೆಳಕನ್ನು ಮಾತ್ರ. ಹೀಲಿಯಂ-ನಿಯಾನ್ ಅನಿಲದ ಲೇಸರಿಗೆ ಇಂಥ ಕನ್ನಡಿ ಏತಕ್ಕೂ ಬಾರದು. ಶೇಕಡ 99ರ ಆಸುಪಾಸಿನಲ್ಲಿ ಪ್ರತಿಫಲಿಸುವ ಕನ್ನಡಿಯೇ ಅದಕ್ಕೆ ಬೇಕು. ಅರೆವಾಹಕದಲ್ಲಿ ವರ್ಧನೆ ಅಷ್ಟು ತೀವ್ರವಾದುದರಿಂದ ಮಿಲಿಮೀಟರಿನ ಮೂರನೆಯ ಒಂದಂಶ ಉದ್ದದ ಹರಳಿನಲ್ಲಿಯೇ ಕೆಲಸ ಮುಗಿಯುತ್ತದೆ.

1962ರ ಶರತ್ಕಾಲದಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ಅಮೆರಿಕದ ನಾಲ್ಕು ತಂಡಗಳು ಇದನ್ನು ಸಾಧಿಸಿ ತೋರಿಸಿದವು. ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ಹಾಲ್, ಅದೇ ಸಂಸ್ಥೆಯ ಇನ್ನೊಂದು ಪ್ರಯೋಗಾಲಯದಲ್ಲಿದ್ದ ನಿಕ್ ಹೊಲೊನ್ಯಾಕ್, ಐಬಿಎಂನ ಮಾರ್ಷಲ್ ನೇಥನ್ ಮತ್ತು ಸಂಗಡಿಗರು, ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಲಿಂಕನ್ ಪ್ರಯೋಗಾಲಯದ ತಂಡ. (ಲಿಂಕನ್ ಪ್ರಯೋಗಾಲಯದ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು, ದೇಶಪಾಂಡೆಯವರ ಕಥನದಲ್ಲಿ ಅದು ಮತ್ತೆ ಬರುತ್ತದೆ.) ಸಾಧನೆ ದೊಡ್ಡದು, ಉಪಯೋಗ ಮಾತ್ರ ಶೂನ್ಯ. ದ್ರವ ನೈಟ್ರೋಜನ್ನಿನ ತಣ್ಪಿನಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಕ್ಷಣಿಕ ಮಿಡಿತಗಳಾಗಿ ಮಾತ್ರ ಆ ಲೇಸರುಗಳು ಬೆಳಗುತ್ತಿದ್ದವು. ಆ ಚಳಿಯಲ್ಲಿಯೂ ಹಾಲ್ ಅವರ ಹರಳಿಗೆ ಚದರ ಸೆಂಟಿಮೀಟರಿಗೆ 8,500 ಆಂಪಿಯರಿನಷ್ಟು ವಿದ್ಯುತ್ತು ಬೇಕಾಗಿತ್ತು. ಕೋಣೆಯ ಉಷ್ಣತೆಯಲ್ಲಿ ಇದರ ಹಲವು ಪಟ್ಟು ಬೇಕಾಗುತ್ತಿದ್ದುದರಿಂದ ನಿರಂತರವಾಗಿ ಬೆಳಗಿಸಲು ಹೊರಟರೆ ಹರಳೇ ಸುಟ್ಟುಹೋಗುತ್ತಿತ್ತು.

ತೊಡಕಿನ ಮೂಲ ಸರಳವಾದುದು. ಒಂದೇ ಬಗೆಯ ಹರಳಿನಲ್ಲಿ ಇಲೆಕ್ಟ್ರಾನುಗಳೂ ರಂಧ್ರಗಳೂ ಸಂಧಿಯಿಂದ ಆಚೀಚೆ ಚದುರಿಹೋಗುತ್ತವೆ, ಬೆಳಕೂ ಸೋರಿಹೋಗುತ್ತದೆ. 1963ರಲ್ಲಿ ಹರ್ಬರ್ಟ್ ಕ್ರೋಮರ್ ಇದಕ್ಕೆ ಪರಿಹಾರ ಸೂಚಿಸಿದರು. ಸೋವಿಯತ್ ಒಕ್ಕೂಟದಲ್ಲಿ ಝೋರೆಸ್ ಅಲ್ಫೆರೋವ್ ಮತ್ತು ರುಡಾಲ್ಫ್ ಕಜಾರಿನೋವ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಮುಂದಿಟ್ಟರು. ಕಡಿಮೆ ಶಕ್ತಿ ಅಂತರದ ತೆಳು ಪದರವೊಂದನ್ನು ಹೆಚ್ಚು ಅಂತರದ ಎರಡು ಪದರಗಳ ನಡುವೆ ಇರಿಸಬೇಕು. ಆಗ ಹೊರ ಪದರಗಳು ಎರಡು ಬದುಗಳಂತೆ ನಿಂತು ವಿದ್ಯುತ್ ಕಣಗಳನ್ನು ನಡುವಿನಲ್ಲಿಯೇ ತಡೆಹಿಡಿಯುತ್ತವೆ. ಹೊರ ಪದರಗಳ ವಕ್ರೀಭವನಾಂಕ ಕಡಿಮೆಯಾದುದರಿಂದ ಬೆಳಕೂ ಒಳಗೇ ಉಳಿಯುತ್ತದೆ. ಒಂದೇ ಉಪಾಯದಿಂದ ಎರಡು ಲಾಭ. ಕ್ರೋಮರ್ ಅವರ ಪ್ರಬಂಧವನ್ನು ಮೊದಲು ಕಳುಹಿಸಿದ ಪತ್ರಿಕೆ ತಿರಸ್ಕರಿಸಿತು. ಅವರು ಕೆಲಸಮಾಡುತ್ತಿದ್ದ ಸಂಸ್ಥೆ, ಈ ಸಾಧನದಿಂದ ವ್ಯಾವಹಾರಿಕ ಪ್ರಯೋಜನ ಇರಲಾರದೆಂದು ಹೇಳಿ ಅದರ ಮೇಲೆ ಕೆಲಸ ಮುಂದುವರಿಸಲು ಅನುಕೂಲ ಕಲ್ಪಿಸಲಿಲ್ಲ. ಅದೇ ಕೆಲಸಕ್ಕೆ 2000ದಲ್ಲಿ ಅಲ್ಫೆರೋವ್ ಅವರೊಡನೆ ನೊಬೆಲ್ ಪ್ರಶಸ್ತಿ ಬಂದಿತು.

ಉಪಾಯ ತಿಳಿದರೂ ಪದರಗಳನ್ನು ಬೆಳೆಸುವುದು ಸುಲಭವಾಗಿರಲಿಲ್ಲ. ಎರಡು ಹರಳುಗಳ ಪರಮಾಣು ಜಾಲಗಳ ಅಳತೆ ಹೊಂದದಿದ್ದರೆ ಸೇರುವೆಯಲ್ಲಿ ಬಿರುಕು ದೋಷಗಳು ಹುಟ್ಟಿ ಬೆಳಕನ್ನು ನುಂಗಿಬಿಡುತ್ತವೆ. ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯುಮಿನಿಯಂ ಆರ್ಸೆನೈಡ್‌ಗಳ ಜಾಲಗಳಲ್ಲಿರುವ ವ್ಯತ್ಯಾಸ ಸಾವಿರಕ್ಕೆ ಒಂದೆರಡು ಭಾಗದಷ್ಟೇ ಎಂಬುದು ಪ್ರಕೃತಿಯ ಔದಾರ್ಯವೆಂದೇ ಹೇಳಬೇಕು. ಈ ಜೋಡಿಯನ್ನು ಬಳಸಿ 1970ರಲ್ಲಿ ಲೆನಿನ್‌ಗ್ರಾಡಿನಲ್ಲಿ ಅಲ್ಫೆರೋವ್ ತಂಡ, ಬೆಲ್ ಪ್ರಯೋಗಾಲಯದಲ್ಲಿ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಕೋಣೆಯ ಉಷ್ಣತೆಯಲ್ಲಿ ನಿರಂತರವಾಗಿ ಬೆಳಗುವ ಅರೆವಾಹಕ ಲೇಸರನ್ನು ಸಾಧಿಸಿದರು. ಮೊದಮೊದಲು ಅವುಗಳ ಆಯುಷ್ಯ ನಿಮಿಷಗಳ ಲೆಕ್ಕದ್ದು. ಹರಳಿನ ದೋಷಗಳನ್ನು ಒಂದೊಂದಾಗಿ ನಿವಾರಿಸಿ ಅದನ್ನು ವರ್ಷಗಳಿಗೆ ಏರಿಸಲು ಆ ದಶಕದ ಬಹುಭಾಗ ಹಿಡಿಯಿತು. ನೊಬೆಲ್ ಉಪನ್ಯಾಸಗಳಲ್ಲಿ ಸ್ಥಾನ ಪಡೆಯದ ಈ ದುಡಿಮೆ ಇಲ್ಲದೆ ಇಡೀ ಕ್ಷೇತ್ರ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯುತ್ತಿತ್ತು.

ಎಳೆ, ಬಣ್ಣ ಮತ್ತು ಧಾರವಾಡದ ರೋಹಿತ ವಿಜ್ಞಾನ

ಅದೇ 1970ರಲ್ಲಿ ಇನ್ನೊಂದು ಘಟನೆ ನಡೆಯಿತು. ಚಾರ್ಲ್ಸ್ ಕಾವೊ 1966ರಲ್ಲಿ, ಗಾಜಿನ ಕಲ್ಮಶವನ್ನು ತೆಗೆದರೆ ಕಿಲೊಮೀಟರಿಗೆ 20 ಡೆಸಿಬೆಲ್ ನಷ್ಟದ ಎಳೆ ಸಾಧ್ಯ, ಅಷ್ಟಾದರೆ ದೂರಸಂವಹನಕ್ಕೆ ಸಾಕು ಎಂದು ವಾದಿಸಿದ್ದರು. ಕಾರ್ನಿಂಗ್ ಸಂಸ್ಥೆಯ ಸಂಶೋಧಕರು ನಾಲ್ಕು ವರ್ಷಗಳಲ್ಲಿ ಆ ಗಡಿಯನ್ನು ದಾಟಿದರು. 20 ಡೆಸಿಬೆಲ್ ಎಂದರೆ ಒಂದು ಕಿಲೊಮೀಟರಿನ ಕೊನೆಗೆ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ ಎಂದರ್ಥ. 1979ರ ಹೊತ್ತಿಗೆ ಜಪಾನಿನಲ್ಲಿ 0.2 ಡೆಸಿಬೆಲ್ ನಷ್ಟದ ಎಳೆ ತಯಾರಾಯಿತು. ಆ ಒಂದು ಪಾಲು ಈಗ ಉಳಿಯುವುದು ನೂರು ಕಿಲೊಮೀಟರಿನ ಕೊನೆಗೆ. ಹುಬ್ಬಳ್ಳಿಯಲ್ಲಿ ಹೊರಟ ಬೆಳಕಿಗೆ ಬೆಳಗಾವಿಯವರೆಗೆ ನಡುವೆ ಆಸರೆಯೇ ಬೇಕಿಲ್ಲ.

ಆದರೆ ಗಾಜು ಅತ್ಯಂತ ಪಾರದರ್ಶಕವಾಗುವುದು 1.55 ಮೈಕ್ರೊಮೀಟರ್ ತರಂಗದೂರದಲ್ಲಿ. ಗ್ಯಾಲಿಯಂ ಆರ್ಸೆನೈಡ್ ಬೆಳಗುವುದು 0.87 ಮೈಕ್ರೊಮೀಟರಿನ ಆಸುಪಾಸಿನಲ್ಲಿ. ಹೀಗಾಗಿ ಎಳೆಗೆ ಒಪ್ಪುವ ಹೊಸ ಹರಳನ್ನು ಅರಸಬೇಕಾಯಿತು. ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್, ರಂಜಕ ಎಂಬ ನಾಲ್ಕು ಮೂಲವಸ್ತುಗಳ ಪ್ರಮಾಣವನ್ನು ಹದವಾಗಿ ಬದಲಿಸಿದರೆ, ಆಧಾರವಾದ ಇಂಡಿಯಂ ಫಾಸ್ಫೈಡಿನ ಜಾಲಕ್ಕೆ ಹೊಂದುತ್ತಲೇ ಬೆಳಕಿನ ಬಣ್ಣವನ್ನು ಬೇಕಾದಲ್ಲಿಗೆ ತರಬಹುದು. ಇಂಥ ಹರಳಿನ ಲೇಸರನ್ನು ಕೋಣೆಯ ಉಷ್ಣತೆಯಲ್ಲಿ ನಿರಂತರವಾಗಿ ಬೆಳಗಿಸಿದ ಆರಂಭದ ಯಶಸ್ಸು 1976ರಲ್ಲಿ ಲಿಂಕನ್ ಪ್ರಯೋಗಾಲಯದ್ದೇ.

ಬಳಿಕ ಬಂದ ಪ್ರಶ್ನೆ ಬಣ್ಣದ ಶುದ್ಧತೆಯದು. ಸೀಳಿದ ಅಂಚುಗಳ ಲೇಸರು ಒಮ್ಮೆಗೆ ಹಲವು ಹತ್ತಿರದ ಬಣ್ಣಗಳನ್ನು ಸೂಸುತ್ತದೆ. ಒಂದೇ ಎಳೆಯಲ್ಲಿ ಹತ್ತಾರು ಸಂಕೇತಗಳನ್ನು ಹತ್ತಾರು ಬಣ್ಣಗಳ ಮೇಲೆ ಕಳುಹಿಸಬೇಕಾದರೆ ಒಂದೊಂದು ಲೇಸರೂ ಒಂದೇ ಒಂದು ಬಣ್ಣಕ್ಕೆ ಬದ್ಧವಾಗಿರಬೇಕು. ಇದಕ್ಕೆ ಉತ್ತರ ದೊರೆತ ಸ್ಥಳ ಅನಿರೀಕ್ಷಿತವಾದುದು. 1971ರಲ್ಲಿ ಬೆಲ್ ಪ್ರಯೋಗಾಲಯದ ಹರ್ವಿಗ್ ಕೊಗೆಲ್ನಿಕ್ ಮತ್ತು ಚಾರ್ಲ್ಸ್ ಶ್ಯಾಂಕ್ ವರ್ಣಕ ಬೆರೆಸಿದ ಜೆಲಟಿನ್ ಪೊರೆಯಲ್ಲಿ ಸೂಕ್ಷ್ಮವಾದ ಗೀರುಸಾಲುಗಳನ್ನು ಮೂಡಿಸಿ, ಕನ್ನಡಿಗಳೇ ಇಲ್ಲದ ಲೇಸರನ್ನು ಸಾಧಿಸಿದರು. ಸಾಲುಗಳ ಅಂತರಕ್ಕೆ ಹೊಂದುವ ಬಣ್ಣವೊಂದು ಮಾತ್ರ ಅಲ್ಲಿ ಪ್ರತಿಫಲಿತವಾಗಿ ವರ್ಧಿಸುತ್ತದೆ. ಅದೇ ತತ್ತ್ವವನ್ನು ಅರೆವಾಹಕಕ್ಕೆ ಅಳವಡಿಸಿದ್ದರಿಂದ ಇಂದಿನ ದೂರಸಂವಹನ ಲೇಸರು ಬಂದಿತು; ಈ ದಿಸೆಯಲ್ಲಿ ಜಪಾನಿನ ಯಸುಹರು ಸುಎಮಾತ್ಸು ಅವರ ತಂಡದ ಕೆಲಸ ಉಲ್ಲೇಖಾರ್ಹ.

ವರ್ಣಕದ ಮಾತು ಬಂದಾಗ ಧಾರವಾಡವನ್ನು ಬಿಟ್ಟು ಮುಂದುವರಿಯುವಂತಿಲ್ಲ. 1949ರಲ್ಲಿ ಸ್ಥಾಪನೆಯಾಗಿ, 1954ರಿಂದ 1967ರವರೆಗೆ ಗಣಿತಜ್ಞ ಡಿ. ಸಿ. ಪಾವಟೆಯವರ ಕುಲಪತಿತ್ವದಲ್ಲಿ ಬೆಳೆದ ಕರ್ನಾಟಕ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದಲ್ಲಿ ರೋಹಿತ ವಿಜ್ಞಾನಕ್ಕೆ ಗಟ್ಟಿಯಾದ ಪರಂಪರೆಯಿದೆ. ಮುಂದೆ ಮಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಂ. ಐ. ಸವದತ್ತಿ, ಗುಲಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳಾದ ಬಿ. ಜಿ. ಮೂಲಿಮನಿ ಮೊದಲಾದವರು ಇಲ್ಲಿ ಸಾವಯವ ಅಣುಗಳ, ವಿಶೇಷವಾಗಿ ಲೇಸರ್ ವರ್ಣಕಗಳ, ಪ್ರತಿದೀಪ್ತಿಯನ್ನು ದೀರ್ಘಕಾಲ ಅಭ್ಯಸಿಸಿದರು. ಬೇರೆ ಬೇರೆ ದ್ರಾವಕಗಳಲ್ಲಿ ಒಂದೇ ವರ್ಣಕದ ಹೀರಿಕೆಯ ಮತ್ತು ಹೊಮ್ಮುವಿಕೆಯ ರೋಹಿತಗಳು ಎಷ್ಟೆಷ್ಟು ಸರಿಯುತ್ತವೆ ಎಂಬುದನ್ನು ಅಳೆದು, ಉದ್ರಿಕ್ತ ಸ್ಥಿತಿಯಲ್ಲಿ ಅಣುವಿನ ವಿದ್ಯುತ್ ದ್ವಿಧ್ರುವ ಮಹತ್ತ್ವ ಎಷ್ಟಾಗುತ್ತದೆಂದು ಗಣಿಸುವುದು ಈ ಶಾಲೆಯ ಮುಖ್ಯ ವಿಧಾನಗಳಲ್ಲೊಂದು. ಅಣು ಉದ್ರಿಕ್ತವಾಗಿರುವುದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಪಾಲು ಕಾಲ ಮಾತ್ರ. ಅಷ್ಟರಲ್ಲಿ ಅದರ ವಿದ್ಯುದಾವೇಶ ಹೇಗೆ ಮರುಹಂಚಿಕೆಯಾಯಿತೆಂಬುದನ್ನು ದ್ರಾವಕದ ಸಾಕ್ಷ್ಯದಿಂದ ಊಹಿಸುವ ಚತುರ ಕ್ರಮ ಇದು.

ವರ್ಣಕ ಲೇಸರಿಗೂ ಅರೆವಾಹಕ ಲೇಸರಿಗೂ ಒಳಗಿನ ಸಾದೃಶ್ಯವಿದೆ. ಮಾಣಿಕ್ಯ ಅಥವಾ ಅನಿಲದ ಲೇಸರುಗಳಲ್ಲಿರುವಂತೆ ಇವುಗಳಲ್ಲಿ ಬೆಳಕು ಕಿರಿದಾದ ಗೆರೆಗಳಿಂದ ಬರುವುದಿಲ್ಲ. ವರ್ಣಕದಲ್ಲಿ ಅಣುವಿನ ಕಂಪನಗಳಿಂದ, ಅರೆವಾಹಕದಲ್ಲಿ ಹರಳಿನ ಪಟ್ಟಿಗಳಿಂದ, ಅಗಲವಾದ ಹರವು ಉಂಟಾಗುತ್ತದೆ. ಆ ಹರವಿನಿಂದ ಒಂದು ಬಣ್ಣವನ್ನು ಆರಿಸುವುದು ಎರಡರಲ್ಲಿಯೂ ಕೇಂದ್ರ ಸಮಸ್ಯೆ. ಹಾಗಿದ್ದೂ ಧಾರವಾಡದಲ್ಲಿ ಒಂದು ಬಗೆಯ ಸಂಶೋಧನೆ ಬೇರೂರಿತು, ಇನ್ನೊಂದು ಬೇರೂರಲಿಲ್ಲ. ಕಾರಣ ಪ್ರತಿಭೆಯದಲ್ಲ. ಒಳ್ಳೆಯ ರೋಹಿತಮಾಪಕ, ಶುದ್ಧ ದ್ರಾವಕ, ಗಣಿತದ ಹಿಡಿತ, ತಾಳ್ಮೆ ಇವಿಷ್ಟಿದ್ದರೆ ಮೊದಲನೆಯದು ವಿಶ್ವವಿದ್ಯಾಲಯದ ಕೊಠಡಿಯಲ್ಲಿ ನಡೆಯುತ್ತದೆ. ಪರಮಾಣು ಪದರಗಳ ಲೆಕ್ಕದಲ್ಲಿ ಹರಳು ಬೆಳೆಸುವ ಯಂತ್ರ, ವಿಷಾನಿಲಗಳನ್ನು ನಿಭಾಯಿಸುವ ವ್ಯವಸ್ಥೆ, ಧೂಳಿಲ್ಲದ ಕೋಣೆ, ಕಡಿಯದ ವಿದ್ಯುತ್ತು ಇವೆಲ್ಲ ಎರಡನೆಯದಕ್ಕೆ ಬೇಕು. ಭಾರತದಲ್ಲಿ ಅಂಥ ಸೌಕರ್ಯ ದೊರೆತದ್ದು ದಿಲ್ಲಿಯ ರಕ್ಷಣಾ ಪ್ರಯೋಗಾಲಯ, ಇಂದೋರಿನ ಪರಮಾಣು ಶಕ್ತಿ ಇಲಾಖೆಯ ಕೇಂದ್ರದಂಥ ಕೆಲವೇ ಕಡೆ. ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯಗಳು ಆ ನಕ್ಷೆಯ ಹೊರಗೇ ಉಳಿದವು.

ದೇಶಪಾಂಡೆಯವರ ಕೊಂಡಿ

ದೇಶಪಾಂಡೆಯವರು ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪದವೀಧರರು. ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯನ್ನೂ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ದತ್ತಾಂಶ ಸಂವಹನದ ಮೇಲೆ ಡಾಕ್ಟರೇಟನ್ನೂ ಪಡೆದು, ಮೋಡೆಮ್ ತಯಾರಿಕೆಗೆ ಹೆಸರಾಗಿದ್ದ ಕೋಡೆಕ್ಸ್ ಸಂಸ್ಥೆಯಲ್ಲಿ ದುಡಿದರು. ಅಮೆರಿಕದಲ್ಲಿ ಅವರು ಕೈಹಾಕಿದ ಮೊದಲ ಉದ್ಯಮ ಕೋರಲ್ ನೆಟ್‌ವರ್ಕ್ಸ್. ಪಾಲುದಾರರೊಡನೆ ಅಭಿಪ್ರಾಯ ಭೇದ ಬಂದು ಅದನ್ನು ಬಿಟ್ಟರು. 1990ರಲ್ಲಿ ಆರಂಭಿಸಿದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ ದತ್ತಾಂಶದ ಕಟ್ಟುಗಳನ್ನು ದಾರಿಗೆ ಹಚ್ಚುವ ಸ್ವಿಚ್ಚುಗಳನ್ನು ತಯಾರಿಸಿತು. 1997ರಲ್ಲಿ ಅಸೆಂಡ್ ಸಂಸ್ಥೆ ಅದನ್ನು ಸುಮಾರು 370 ಕೋಟಿ ಡಾಲರಿಗೆ ಕೊಂಡಿತು.

ಈ ಹೊತ್ತಿಗೆ ಬೆಳಕಿನ ತಂತ್ರಜ್ಞಾನ ಪಕ್ವವಾಗಿತ್ತು. 1987ರಲ್ಲಿ ಸೌತಾಂಪ್ಟನ್ನಿನ ಡೇವಿಡ್ ಪೇನ್ ತಂಡವೂ ಬೆಲ್ ಪ್ರಯೋಗಾಲಯವೂ ಎರ್ಬಿಯಂ ಬೆರೆಸಿದ ಎಳೆಯಿಂದ ಬೆಳಕನ್ನು ಬೆಳಕಾಗಿಯೇ ವರ್ಧಿಸುವ ಉಪಾಯ ಕಂಡುಕೊಂಡಿದ್ದವು. ಅದಕ್ಕೆ ಮುಂಚೆ ಪ್ರತಿ ಬಣ್ಣಕ್ಕೂ ದಾರಿಯಲ್ಲಿ ಒಂದೊಂದು ಪುನರುತ್ಪಾದಕ ಬೇಕಾಗುತ್ತಿತ್ತು. ಈಗ ಒಂದೇ ವರ್ಧಕ ಎಲ್ಲ ಬಣ್ಣಗಳನ್ನೂ ಒಟ್ಟಿಗೆ ಎತ್ತಿಹಿಡಿಯುತ್ತದೆ. ಬಣ್ಣಗಳ ನಡುವಿನ ಅಂತರ 0.8 ನ್ಯಾನೊಮೀಟರಿನಷ್ಟಕ್ಕೆ ಇಳಿಯಿತು. ಅರೆವಾಹಕ ಲೇಸರಿನ ಬಣ್ಣ ಡಿಗ್ರಿಗೆ ಸುಮಾರು 0.1 ನ್ಯಾನೊಮೀಟರ್ ಸರಿಯುವುದರಿಂದ, ಎಂಟು ಡಿಗ್ರಿ ಬಿಸಿಯೇರಿದರೆ ಒಂದು ಲೇಸರು ನೆರೆಯವನ ಜಾಗಕ್ಕೆ ಕಾಲಿಡುತ್ತದೆ. ಧಾರವಾಡದಂಥ ತಂಪು ಊರಿನಲ್ಲಿಯೂ ಬೆಳಗಿನಿಂದ ಮಧ್ಯಾಹ್ನಕ್ಕೆ ಅಷ್ಟು ಬಿಸಿಲೇರುವುದು ಸಾಮಾನ್ಯ. ಅದಕ್ಕಾಗಿಯೇ ಇಂಥ ಪ್ರತಿ ಲೇಸರಿನ ಬುಡದಲ್ಲಿ ಉಷ್ಣತೆಯನ್ನು ಕಾಯುವ ಪುಟ್ಟ ವಿದ್ಯುತ್ ತಂಪುಕಾರಕವಿರುತ್ತದೆ.

ಎಳೆಯ ಸಾಮರ್ಥ್ಯ ಹೀಗೆ ಬೆಳೆಯಿತಾದರೂ ಅದನ್ನು ಹಂಚುವ ವ್ಯವಸ್ಥೆ ಹಳೆಯದಾಗಿಯೇ ಇತ್ತು. ದೂರವಾಣಿ ಕಾಲದ ಜಾಲಗಳು ಉಂಗುರಗಳ ರೂಪದಲ್ಲಿದ್ದವು. ಒಂದು ಕಡೆ ಎಳೆ ತುಂಡಾದರೆ ಸಂಕೇತ ಇನ್ನೊಂದು ದಿಕ್ಕಿನಿಂದ ಸುತ್ತಿ ಬರುತ್ತದೆ. ಸೆಕೆಂಡಿನ ಇಪ್ಪತ್ತನೆಯ ಒಂದಂಶದಲ್ಲಿ ದುರಸ್ತಿಯಾಗುತ್ತದೆ. ಈ ಭದ್ರತೆಗೆ ತೆರುವ ಬೆಲೆ ಎಂದರೆ ಅರ್ಧ ಸಾಮರ್ಥ್ಯವನ್ನು ಆಪತ್ತಿಗೆಂದು ಖಾಲಿ ಇಡಬೇಕು. ಹೊಸ ಗ್ರಾಹಕನಿಗೆ ದೂರದ ಊರಿಗೊಂದು ದಾರಿ ಕೊಡಬೇಕಾದರೆ ಉಂಗುರದಿಂದ ಉಂಗುರಕ್ಕೆ ಕೈಯಿಂದ ಜೋಡಣೆ ಮಾಡಬೇಕಾಗಿ ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಲಿಂಕನ್ ಪ್ರಯೋಗಾಲಯದಲ್ಲಿ ಬೆಳಕಿನ ಸಂವಹನದ ಸಂಶೋಧನೆಯಲ್ಲಿ ತೊಡಗಿದ್ದ ರಿಚರ್ಡ್ ಬ್ಯಾರಿ ಮತ್ತು ಎರಿಕ್ ಸ್ವಾನ್ಸನ್, ಕ್ಯಾಸ್ಕೇಡಿನ ಸಹೋದ್ಯೋಗಿ ಡೇನಿಯಲ್ ಸ್ಮಿತ್ ಇವರೊಡನೆ ದೇಶಪಾಂಡೆ 1998ರಲ್ಲಿ ಸೈಕಮೋರನ್ನು ಸ್ಥಾಪಿಸಿದ್ದು ಈ ತೊಡಕನ್ನು ಬಿಡಿಸಲು. ಉಂಗುರಗಳ ಬದಲು ಬಲೆಯಂಥ ಜಾಲ. ಪ್ರತಿ ಗಂಟಿನಲ್ಲಿ ಜಾಲದ ಒಟ್ಟು ಸ್ಥಿತಿಯನ್ನು ಬಲ್ಲ ಸ್ವಿಚ್ಚು. ಎಳೆ ತುಂಡಾದಾಗ ಉಳಿದ ದಾರಿಗಳಲ್ಲಿ ಹೊಸದನ್ನು ತಂತ್ರಾಂಶವೇ ಹುಡುಕುವುದು. ಖಾಲಿ ಸಾಮರ್ಥ್ಯವನ್ನು ಎಲ್ಲರೂ ಹಂಚಿಕೊಳ್ಳುವುದು. ಕಟ್ಟುಗಳನ್ನು ದಾರಿಗೆ ಹಚ್ಚುವ ಕ್ಯಾಸ್ಕೇಡಿನ ಅನುಭವವನ್ನು ಬೆಳಕಿನ ದಾರಿಗಳಿಗೆ ವಿಸ್ತರಿಸಿದುದೇ ಇಲ್ಲಿನ ಮುಖ್ಯ ವಿಚಾರ. ಅದು ಭೌತವಿಜ್ಞಾನದ ಆವಿಷ್ಕಾರವಲ್ಲ, ಭೌತವಿಜ್ಞಾನ ಕೊಟ್ಟದ್ದನ್ನು ಆಳುವ ವಿದ್ಯೆ.

ಕುಸಿತದ ಬೀಜವೂ ಅದೇ ತಂತ್ರಜ್ಞಾನದಲ್ಲಿತ್ತು. ಬಣ್ಣಗಳ ಸಂಖ್ಯೆ ಏರಿದಷ್ಟೂ ಒಂದೇ ಎಳೆ ಹಿಂದಿನ ಹತ್ತಾರು ಎಳೆಗಳ ಕೆಲಸ ಮಾಡತೊಡಗಿತು. ಅದೇ ವೇಳೆಗೆ ಅಮೆರಿಕದ ಸಂಸ್ಥೆಗಳು ಸಾಲ ತಂದು ಹೊಸ ಎಳೆಗಳನ್ನು ಹೂಳುತ್ತಲೇ ಇದ್ದವು. ಬೇಡಿಕೆ ಬೆಳೆಯಿತು, ಆದರೆ ಸಾಮರ್ಥ್ಯ ಅದಕ್ಕಿಂತ ಬಹಳ ಮುಂದೆ ಓಡಿತ್ತು. ಸೈಕಮೋರಿನ ಮೊದಲ ದೊಡ್ಡ ಗ್ರಾಹಕ ವಿಲಿಯಮ್ಸ್ ಕಮ್ಯುನಿಕೇಷನ್ಸ್ 2002ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮಾರುಕಟ್ಟೆಯಿಂದ ಮೊದಲೇ ಸಂಗ್ರಹಿಸಿದ್ದ ದೊಡ್ಡ ಮೊತ್ತದ ನಗದು ಇದ್ದುದರಿಂದ ಸೈಕಮೋರ್ ಸುಮಾರು ಒಂದು ದಶಕ ಉಳಿಯಿತು. 2013ರಲ್ಲಿ ತನ್ನ ಉದ್ಯಮ ವಿಭಾಗವನ್ನು ಮಾರಿ ವಿಸರ್ಜನೆಯ ದಾರಿ ಹಿಡಿಯಿತು. ಬಲೆಯಂಥ ಜಾಲ, ತಂತ್ರಾಂಶದ ನಿಯಂತ್ರಣ ಎಂಬ ಅದರ ಮೂಲ ಕಲ್ಪನೆ ಮಾತ್ರ ದೂರಸಂವಹನದಲ್ಲಿ ರೂಢಿಗೆ ಬಂದಿದೆ.

ದೇಶಪಾಂಡೆ ದಂಪತಿಗಳ ದಾನದಿಂದ 2002ರಲ್ಲಿ ಮೆಸಾಚುಸೆಟ್ಸಿನಲ್ಲಿ ಆರಂಭವಾದ ತಾಂತ್ರಿಕ ನಾವೀನ್ಯ ಕೇಂದ್ರ, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನ ನಡೆಸುತ್ತಿರುವ ಕಾರ್ಯಗಳು ಪ್ರಸಿದ್ಧವಾಗಿವೆ. ವಿಜ್ಞಾನದ ದೃಷ್ಟಿಯಿಂದ ಅವಕ್ಕಿಂತ ಗಮನಾರ್ಹವಾದುದು 2000ದಲ್ಲಿ ಬೆಂಗಳೂರಿನಲ್ಲಿ ಅವರ ಬೆಂಬಲದಿಂದ ಹುಟ್ಟಿದ ತೇಜಸ್ ನೆಟ್‌ವರ್ಕ್ಸ್. ಸಂಜಯ ನಾಯಕ್, ಅರ್ನಬ್ ರಾಯ್ ಮೊದಲಾದವರೊಡನೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಕುಮಾರ್ ಶಿವರಾಜನ್ ಅದರಲ್ಲಿದ್ದರು. ರಜೀವ್ ರಾಮಸ್ವಾಮಿಯವರೊಡನೆ ಅವರು ಬರೆದ ಬೆಳಕಿನ ಜಾಲಗಳ ಪಠ್ಯಗ್ರಂಥ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಬೆಳಕಿನ ಸಂವಹನದ ಉಪಕರಣಗಳನ್ನು ಈ ನೆಲದಲ್ಲಿಯೇ ವಿನ್ಯಾಸಗೊಳಿಸಿದ ಈ ಸಂಸ್ಥೆಯ ನಿಯಂತ್ರಣ 2021ರಲ್ಲಿ ಟಾಟಾ ಸಮೂಹ ಕೈಗೆತ್ತಿಕೊಂಡಿತು. ಜಾಲದ ವಿನ್ಯಾಸ, ತಂತ್ರಾಂಶಗಳಲ್ಲಿ ಹೀಗೆ ಸ್ವಾವಲಂಬನೆ ಸಾಧ್ಯವಾದರೂ, ಇಂಥ ಉಪಕರಣಗಳ ಒಳಗೆ ಬೆಳಗುವ ಇಂಡಿಯಂ ಫಾಸ್ಫೈಡಿನ ಹರಳು ಭಾರತಕ್ಕೆ ಬಹುಪಾಲು ಹೊರಗಿನಿಂದಲೇ ಬಂದಿದೆ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮದಲ್ಲಿ ಸಂಯುಕ್ತ ಅರೆವಾಹಕಗಳಿಗೂ ಸಿಲಿಕಾನ್ ದ್ಯುತಿ ಸಾಧನಗಳಿಗೂ ಪ್ರತ್ಯೇಕ ಅವಕಾಶ ಕಲ್ಪಿಸಲಾಗಿದೆ. ಧಾರವಾಡದಲ್ಲಿ 2016ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆ ಆರಂಭವಾಗಿದ್ದು, ಕರ್ನಾಟಕ ವಿಶ್ವವಿದ್ಯಾಲಯದ ರೋಹಿತ ವಿಜ್ಞಾನ ವಿಭಾಗ ಅದೇ ಊರಿನಲ್ಲಿದೆ.